ಇಂಜಿನ್ ಲೈಟ್ ಉರಿದರೆ ಮೊದಲು ಕೋಡ್ ಕೇಳಿ, ಸೆನ್ಸರ್ ಬದಲಿಸುವುದು ಆಮೇಲೆ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಸಂಘಗಳಲ್ಲಿ ಸಾಲ ಮಾಡಿ ವಾಹನ ತೆಗೆದ ಮನೆಗಳು ಈಗ ಕಡಿಮೆ ಇಲ್ಲ. ಕೆಲವರ ಮನೆಯಲ್ಲಿ ಗಂಡ ಅಥವಾ ಮಗ ರಿಕ್ಷಾ ಓಡಿಸ್ತಾರೆ. ಕೆಲವರು ಓಮ್ನಿಯಲ್ಲೋ ಈಕೋದಲ್ಲೋ ಅಡುಗೆಯ ಪಾತ್ರೆ, ತರಕಾರಿ, ರಬ್ಬರ್ ಶೀಟ್ ಸಾಗಿಸ್ತಾರೆ. ಹಾಲಿನ ಡೇರಿಗೆ, ಬ್ಯಾಂಕಿಗೆ, ಪೇಟೆಗೆ ಸ್ವತಃ ಸ್ಕೂಟರ್ ಬಿಟ್ಟುಕೊಂಡು ಹೋಗುವ ಸದಸ್ಯೆಯರೂ ಇದ್ದಾರೆ. ವಾಹನ ಒಂದು ದಿನ ನಿಂತರೆ ಆ ದಿನದ ಸಂಪಾದನೆ ಇಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಂತಹ ವಾಹನದಲ್ಲಿ ಒಂದು ದಿನ ಮೀಟರಿನ ಹತ್ತಿರ ಇಂಜಿನ್ ಚಿತ್ರದ ಹಳದಿ ಲೈಟ್ ಉರಿಯಲು ಶುರುವಾಗ್ತದೆ. ಗ್ಯಾರೇಜಿಗೆ ಹೋದರೆ "ಅಕ್ಕಾ, ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು" ಅನ್ನುವ ಉತ್ತರ ಬರ್ತದೆ. ಕೆಲವು ಸಾವಿರ ರೂಪಾಯಿ ಖರ್ಚು. ಕೆಲವೊಮ್ಮೆ ಸೆನ್ಸರ್ ನಿಜವಾಗಿ ಕೆಟ್ಟಿರುತ್ತದೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಅದರ ವಯರ್, ತೂತು ಬಿದ್ದಿರುವುದು ಸೈಲೆನ್ಸರ್ ಪೈಪ್. ಹೊಸ ಸೆನ್ಸರ್ ಹಾಕಿ ಹಣ ಕೊಟ್ಟು ಬಂದ ಎರಡೇ ದಿನಕ್ಕೆ ಅದೇ ಲೈಟ್ ಪುನಃ ಉರಿಯುತ್ತದೆ. ಹಣವೂ ಹೋಯಿತು, ತೊಂದರೆಯೂ ಉಳಿಯಿತು.

ನಾವು ಸ್ಪಾನರ್ ಹಿಡಿಯಬೇಕೆಂದಿಲ್ಲ. ಆದರೆ ಏನು ನೋಡಬೇಕು, ಏನು ಕೇಳಬೇಕು ಎಂದು ಗೊತ್ತಿದ್ದರೆ ಹಣ ಉಳೀತದೆ. ಅದಕ್ಕಾಗಿ ಈ ಮಾಹಿತಿ.

ಆಕ್ಸಿಜನ್ ಸೆನ್ಸರ್ ಎಂದರೇನು?

ಒಲೆಯ ಹೊಗೆ ನೋಡಿ ಬೆಂಕಿ ಹೇಗಿದೆ ಎಂದು ನಾವು ಹೇಳ್ತೇವೆ. ಸೌದೆ ತುಂಬ ತುರುಕಿ ಗಾಳಿ ಸಾಲದಿದ್ದರೆ ಕಪ್ಪು ಹೊಗೆ, ಕಣ್ಣುರಿ, ಪಾತ್ರೆಯೆಲ್ಲಾ ಮಸಿ. ಗಾಳಿ ಸರಿಯಾಗಿ ಆಡಿದರೆ ಕಡಿಮೆ ಸೌದೆಯಲ್ಲಿ ಒಳ್ಳೆಯ ಬೆಂಕಿ. ಇಂಜಿನ್ ಕೂಡ ಒಂದು ಒಲೆಯೇ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ಸರಿಯಾಗಿದೆಯೋ ಇಲ್ಲವೋ ಎಂದು ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯನ್ನು ನೋಡಿ ಹೇಳುವ ಸಾಧನವೇ ಆಕ್ಸಿಜನ್ ಸೆನ್ಸರ್.

ನೋಡಲು ಹೆಬ್ಬೆರಳಿನಷ್ಟು, ಸ್ಪಾರ್ಕ್ ಪ್ಲಗ್‌ನ ಹಾಗೆ ಕಾಣ್ತದೆ. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿ, ಅದರ ಮೇಲೆ ತೆಳುವಾದ ಪ್ಲಾಟಿನಂ ಲೇಪ. ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದರೆ, ಅಂದರೆ ಪೆಟ್ರೋಲ್ ಜಾಸ್ತಿಯಾದರೆ, ಅದು ಸುಮಾರು 0.9 ವೋಲ್ಟ್ ಕೊಡುತ್ತದೆ. ಆಮ್ಲಜನಕ ಜಾಸ್ತಿಯಾದರೆ ಸುಮಾರು 0.1 ವೋಲ್ಟ್. ಇದನ್ನು ನೋಡಿ ವಾಹನದ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಂಜಿನ್ ಓಡುವಾಗ ಈ ಕೆಲಸ ಬಿಡುವಿಲ್ಲದೆ ನಡೆಯುತ್ತಾ ಇರುತ್ತದೆ.

ಸೆನ್ಸರ್ ಸರಿಯಾಗಿ ಕೆಲಸ ಮಾಡಲು ಸುಮಾರು 300 ಡಿಗ್ರಿ ಬಿಸಿಯಾಗಬೇಕು. ಬೇಗ ಬಿಸಿಯಾಗಲಿ ಎಂದು ಕಾರಿನ ಸೆನ್ಸರಿನ ಒಳಗೇ ಸಣ್ಣ ಹೀಟರ್ ಇರುತ್ತದೆ. ಹೆಚ್ಚಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಎರಡು ಸೆನ್ಸರ್ ಉಂಟು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲು ಒಂದು, ಅದರ ನಂತರ ಒಂದು. ಮೊದಲನೆಯದು ಪೆಟ್ರೋಲಿನ ಲೆಕ್ಕ ನೋಡುತ್ತದೆ. ಎರಡನೆಯದು ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಎಂದು ಮುಖ್ಯವಾಗಿ ನೋಡುತ್ತದೆ.

ಮೊದಲು ಇಲ್ಲದ ಸೆನ್ಸರ್ ಈಗ ಯಾಕೆ?

ಹಿಂದಿನ ಗಾಡಿಗಳಲ್ಲಿ ಕಾರ್ಬೊರೇಟರ್ ಇತ್ತು. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ, ಶಬ್ದ ಕೇಳಿ ಟ್ಯೂನಿಂಗ್ ಮಾಡುತ್ತಿದ್ದರು. ಜರ್ಮನಿಯ ಬಾಷ್ ಕಂಪನಿ ತಯಾರಿಸಿದ ಆಕ್ಸಿಜನ್ ಸೆನ್ಸರ್ 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಳಕೆಗೆ ಬಂತು. ಸೀಸ ಬೆರೆತ ಪೆಟ್ರೋಲ್ ಹಾಕಿದರೆ ಈ ಸೆನ್ಸರ್ ಮತ್ತು ಕನ್ವರ್ಟರ್ ಎರಡೂ ಹಾಳಾಗುತ್ತವೆ. ನಮ್ಮ ದೇಶದಲ್ಲಿ 2000ನೇ ಇಸವಿ ಫೆಬ್ರವರಿಯಿಂದ ಎಲ್ಲಾ ಕಡೆ ಸೀಸರಹಿತ ಪೆಟ್ರೋಲ್ ಬಂತು. ಆಮೇಲೆ ಇಂಜೆಕ್ಷನ್ ಕಾರುಗಳು ಹೆಚ್ಚಾದವು. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲಾ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಯಿತು. ಬಿಎಸ್-6 ಬಂದ ಮೇಲೆ ಹೊಸ ಪೆಟ್ರೋಲ್ ಸ್ಕೂಟರುಗಳಲ್ಲಿಯೂ ಇಂಜೆಕ್ಷನ್, ಸೆನ್ಸರ್, ಇಂಜಿನ್ ಲೈಟ್ ಸಾಮಾನ್ಯವಾಯಿತು. ಹಾಗಾಗಿ ಇದು ಈಗ ದೊಡ್ಡ ಕಾರಿನವರ ವಿಷಯ ಮಾತ್ರ ಅಲ್ಲ.

ಮನೆಯಲ್ಲೇ ಗಮನಿಸಬೇಕಾದ ಲಕ್ಷಣಗಳು

1. ಇಂಜಿನ್ ಲೈಟ್: ಕೀ ತಿರುಗಿಸಿದಾಗ ಉರಿದು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಿಹೋಗಬೇಕು. ಆರದಿದ್ದರೆ ತಪಾಸಣೆ ಬೇಕು. ಕಾರಿನಲ್ಲಿ ಓಡುವಾಗ ಲೈಟ್ ಮಿನುಗಿದರೆ ಪ್ಲಗ್ ಸರಿಯಾಗಿ ಕಿಡಿ ಕೊಡದೆ ಪೆಟ್ರೋಲ್ ಉರಿಯದೇ ಹೋಗುತ್ತಿರಬಹುದು. ಆಗ ಲೋಡ್ ಹಾಕಿ ಓಡಿಸಬೇಡಿ. ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

2. ಮೈಲೇಜ್ ಕಡಿಮೆಯಾಗುವುದು, ಪಿಕಪ್ ಇಲ್ಲದಿರುವುದು, ನಿಂತಲ್ಲಿ ಇಂಜಿನ್ ಒಂದೇ ಸಮನೆ ಓಡದಿರುವುದು.

3. ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲಿನ ವಾಸನೆ.

4. ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಗುವುದು. ಬಿಎಸ್-4 ಮತ್ತು ಬಿಎಸ್-6 ಪೆಟ್ರೋಲ್ ಕಾರುಗಳಿಗೆ ನಿಂತಲ್ಲಿ ಓಡುವಾಗ ಕಾರ್ಬನ್ ಮೊನಾಕ್ಸೈಡ್ 0.3 ಶೇಕಡಾ ಮೀರಬಾರದು. ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದರೆ ಈ ಸಂಖ್ಯೆ ಏರುತ್ತದೆ. ಆದ್ದರಿಂದ ಆ ಚೀಟಿಯನ್ನು ಬಿಸಾಡಬೇಡಿ, ಗ್ಯಾರೇಜಿಗೆ ತೆಗೆದುಕೊಂಡು ಹೋಗಿ.

ಮೈಲೇಜ್ ಲೆಕ್ಕ ಇಡುವುದು ನಮಗೆ ಕಷ್ಟ ಅಲ್ಲ. ವಾರ ವಾರ ಉಳಿತಾಯದ ಪುಸ್ತಕ ಬರೆಯುವವರು ನಾವು. ಟ್ಯಾಂಕ್ ಫುಲ್ ಮಾಡಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಪುನಃ ಫುಲ್ ಮಾಡುವಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಓಡಿತು ಎಂದು ಭಾಗಿಸಿ. ಉದಾಹರಣೆಗೆ, ಒಂದು ಗಾಡಿ ತಿಂಗಳಿಗೆ 1080 ಕಿ.ಮೀ. ಓಡ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 18 ಕಿ.ಮೀ. ಕೊಟ್ಟರೆ 60 ಲೀಟರ್ ಸಾಕು. ಅದೇ 15ಕ್ಕೆ ಇಳಿದರೆ 72 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 1200 ರೂಪಾಯಿ ಸುಮ್ಮನೆ ಹೊಗೆಯಲ್ಲಿ ಹೋಗುತ್ತದೆ. ಲೈಟ್ ಉರಿದರೂ "ಗಾಡಿ ಓಡ್ತದಲ್ಲ, ನೋಡುವಾ" ಎಂದು ತಿಂಗಳುಗಟ್ಟಲೆ ಬಿಡುವುದು ಯಾಕೆ ಸರಿಯಲ್ಲ ಎಂದು ಇದರಿಂದ ತಿಳಿಯುತ್ತದೆ. ಇನ್ನೂ ಒಂದು ಕಾರಣ ಉಂಟು. ಜಾಸ್ತಿ ಪೆಟ್ರೋಲ್ ಹೋಗಿ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿ ಹಾಳಾದರೆ ಅದರ ಬೆಲೆ ಸೆನ್ಸರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಸೆನ್ಸರ್ ಮೇಲೆ ತಪ್ಪು ಹೊರಿಸುವ ಮೊದಲು

ಮಗುವಿಗೆ ಜ್ವರ ಬಂದರೆ ನಾವು ಥರ್ಮಾಮೀಟರ್ ಬದಲಿಸುವುದಿಲ್ಲ. ಸೆನ್ಸರ್ ಕೂಡ ಹಾಗೆಯೇ. ಎಷ್ಟೋ ಸಲ ಅದು ಸತ್ಯವನ್ನೇ ಹೇಳುತ್ತಿರುತ್ತದೆ. ನಮ್ಮ ಕಡೆ ಮುಖ್ಯವಾಗಿ ಈ ಕಾರಣಗಳನ್ನು ನೋಡಬೇಕು:

ಇಲಿ, ಹೆಗ್ಗಣ: ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರಿ ವಯರ್ ಕಡಿಯುತ್ತವೆ. ಕೊಟ್ಟಿಗೆ, ಅಡಿಕೆ ರಾಶಿ, ಸೌದೆ ಕೊಟ್ಟಿಗೆಯ ಹತ್ತಿರ ಗಾಡಿ ನಿಲ್ಲಿಸುವವರಿಗೆ ಇದು ಜಾಸ್ತಿ. ಸೆನ್ಸರಿನ ವಯರ್ ಒಂದು ತುಂಡಾದರೂ ಲೈಟ್ ಉರಿಯುತ್ತದೆ. ವಯರ್ ಸರಿಪಡಿಸಲು ಆಗುವ ಖರ್ಚು ಕಡಿಮೆ.

ನೀರು ಮತ್ತು ಕೆಸರು: ವಯರ್ ಸೇರುವ ಕಪ್ಲರಿಗೆ ನೀರು ಹೋದರೆ ಪಿನ್ ಹಸಿರುಗಟ್ಟುತ್ತದೆ. ಇನ್ನೊಂದು ಅಪಾಯವೂ ಉಂಟು. ಚಾರ್ಮಾಡಿ ಘಾಟಿ ಹತ್ತಿ ಇಳಿದು ಬಂದ ಗಾಡಿಯ ಸೈಲೆನ್ಸರ್ ಕೆಂಡದಂತೆ ಬಿಸಿ ಇರುತ್ತದೆ. ಅದನ್ನು ಹಾಗೆಯೇ ತೋಡಿನ ನೀರಿಗೆ ಇಳಿಸಿದರೆ ಸೆನ್ಸರಿನ ಒಳಗಿನ ಪಿಂಗಾಣಿ ಬಿರುಕು ಬಿಡಬಹುದು. ಕಾದ ಗಾಜಿನ ಗ್ಲಾಸಿಗೆ ತಣ್ಣೀರು ಬಿದ್ದ ಹಾಗೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಬಂದ ನೆರೆ ನಮಗೆಲ್ಲಾ ನೆನಪಿದೆ. ರಸ್ತೆ ಮೇಲೆ ನೀರು ಹರಿಯುವಾಗ ದಾಟದಿರುವುದೇ ಜೀವಕ್ಕೂ ಗಾಡಿಗೂ ಒಳ್ಳೆಯದು.

ತುಕ್ಕು ಹಿಡಿದ ಪೈಪ್: ನಮ್ಮ ಮಳೆಗೆ ಸೈಲೆನ್ಸರ್ ಪೈಪ್ ಬೇಗ ತುಕ್ಕು ಹಿಡಿಯುತ್ತದೆ. ಸೆನ್ಸರಿನ ಹತ್ತಿರ ತೂತು ಬಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ "ಆಮ್ಲಜನಕ ಜಾಸ್ತಿ ಉಂಟು" ಎಂದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಮಾಡುತ್ತದೆ. ಇಲ್ಲಿ ಬೇಕಾದದ್ದು ವೆಲ್ಡಿಂಗ್ ಅಥವಾ ಹೊಸ ಗ್ಯಾಸ್ಕೆಟ್. ಸೆನ್ಸರ್ ಅಲ್ಲ.

ಗಾಳಿಯ ಹೋಸ್ ಮತ್ತು ಪ್ಲಗ್: ಏರ್ ಫಿಲ್ಟರಿನ ನಂತರದ ರಬ್ಬರ್ ಹೋಸ್ ಒಡೆದರೂ, ಪ್ಲಗ್ ಕಿಡಿ ಬಿಟ್ಟು ಬಿಟ್ಟು ಕೊಟ್ಟರೂ ಸೆನ್ಸರ್ ಗಾಳಿ ಜಾಸ್ತಿ ಎಂದೇ ತೋರಿಸುತ್ತದೆ.

ಇಂಜಿನ್ ಆಯಿಲ್ ಮತ್ತು ಕಲಬೆರಕೆ ಪೆಟ್ರೋಲ್: ಆಯಿಲ್ ಸುಡುವ ಹಳೆ ಇಂಜಿನಿನಲ್ಲಿ ಸೆನ್ಸರ್ ಮೇಲೆ ಮಸಿ ಕೂರುತ್ತದೆ. ಬಾಟಲಿಯಲ್ಲಿ ಮಾರುವ ಪೆಟ್ರೋಲ್ ಹಾಕಬೇಡಿ.

ಗ್ಯಾಸ್ ಕಿಟ್: ಹೊರಗೆ ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಲ್ಲಿ ಕಿಟ್‌ನ ವಯರನ್ನು ಸೆನ್ಸರಿನ ವಯರಿಗೆ ಸೇರಿಸಿರುವುದುಂಟು. ಆ ಜೋಡಣೆ ಸಡಿಲಾದರೂ, ಕಿಟ್ ಟ್ಯೂನಿಂಗ್ ತಪ್ಪಿದರೂ ಲೈಟ್ ಬರ್ತದೆ. ಮೊದಲು ಕಿಟ್ ಹಾಕಿದವರಿಗೆ ತೋರಿಸಿ.

ಗ್ಯಾರೇಜಿನಲ್ಲಿ ಆಗಬೇಕಾದ ತಪಾಸಣೆ

ಮೊದಲನೆಯದು, ಸ್ಕ್ಯಾನಿಂಗ್. 2013ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ಕಂಪ್ಯೂಟರ್ ತನ್ನ ದೂರನ್ನು ಕೋಡ್ ರೂಪದಲ್ಲಿ ಹೇಳುತ್ತದೆ. ಸ್ಕೂಟರ್ ಮತ್ತು ರಿಕ್ಷಾದಲ್ಲಿ ಸಾಕೆಟ್ ಬೇರೆ ತರಹ ಇರಬಹುದು. ಅದಕ್ಕೆ ಸರಿಯಾದ ಕೇಬಲ್ ಬೇಕು ಅಥವಾ ಕಂಪನಿ ಸರ್ವಿಸ್ ಸ್ಟೇಷನ್ನಿಗೆ ಹೋಗಬೇಕು. ಕೋಡನ್ನು ಅಳಿಸುವ ಮೊದಲು ಕಾಗದದಲ್ಲಿ ಬರೆಸಿಕೊಳ್ಳಿ. ಸಾಮಾನ್ಯ ಕೋಡ್‌ಗಳು ಹೀಗಿವೆ:

ಪಿ0135 – ಮುಂದಿನ ಸೆನ್ಸರಿನ ಹೀಟರ್ ದಾರಿಯಲ್ಲಿ ದೋಷ. ಮೊದಲು ಫ್ಯೂಸ್ ಮತ್ತು ವಯರ್ ನೋಡಬೇಕು.
ಪಿ0141 – ಹಿಂದಿನ ಸೆನ್ಸರಿನ ಹೀಟರಿಗೆ ಅದೇ ದೋಷ.
ಪಿ0133 – ಮುಂದಿನ ಸೆನ್ಸರ್ ನಿಧಾನವಾಗಿದೆ. ಹಳೆಯದಾಗಿರುವ ಸಾಧ್ಯತೆ ಹೆಚ್ಚು.
ಪಿ0134 – ಮುಂದಿನ ಸೆನ್ಸರಿನಿಂದ ಸುದ್ದಿಯೇ ಇಲ್ಲ. ವಯರ್ ತುಂಡಾಗಿರಬಹುದು, ಸೆನ್ಸರ್ ಸತ್ತಿರಬಹುದು.
ಪಿ0171 – ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹೋಸ್, ಪೈಪ್, ಪೆಟ್ರೋಲ್ ಪಂಪ್ ನೋಡಬೇಕು.
ಪಿ0172 – ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್, ಇಂಜೆಕ್ಟರ್ ನೋಡಬೇಕು.
ಪಿ0420 – ಕನ್ವರ್ಟರಿನ ಕೆಲಸ ಸಾಲದು. ಸೆನ್ಸರ್ ಬದಲಿಸಿದರೆ ಸರಿಯಾಗುತ್ತದೆ ಎಂದು ಹೇಳಲಾಗದು.

ಗಮನಿಸಿ, ಪಿ0171 ಅಥವಾ ಪಿ0172 ಬಂದರೆ ದೂರು ಸೆನ್ಸರಿನ ಮೇಲೆ ಅಲ್ಲ. ಸೆನ್ಸರ್ ಕೊಟ್ಟ ಸುದ್ದಿಯಿಂದ ಕಂಪ್ಯೂಟರಿಗೆ ಬೇರೆ ತೊಂದರೆ ಗೊತ್ತಾಗಿದೆ ಎಂದು ಅರ್ಥ.

ಎರಡನೆಯದು, ಕಣ್ಣಿನಿಂದ ನೋಡುವುದು. ಗಾಡಿ ಎತ್ತಿ ವಯರ್, ಕಪ್ಲರ್, ಪೈಪ್ ಎಲ್ಲಾ ನೋಡಲಿ. ನೀವೂ ಹತ್ತಿರ ನಿಂತು ನೋಡಿ. ಸೈಲೆನ್ಸರ್ ಮುಟ್ಟಬೇಡಿ, ಕೈ ಸುಡುತ್ತದೆ.

ಮೂರನೆಯದು, ಸೆನ್ಸರಿನ ವೋಲ್ಟ್ ನೋಡುವುದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಮುಂದಿನ ಸೆನ್ಸರಿನ ಅಂಕಿ 0.1ರಿಂದ 0.9ರ ನಡುವೆ ಬೇಗ ಬೇಗ ಏರಿ ಇಳಿಯುತ್ತಾ ಇರಬೇಕು. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಏರಬೇಕು, ಬಿಟ್ಟರೆ ಇಳಿಯಬೇಕು. ಒಂದೇ ಅಂಕಿಯಲ್ಲಿ ನಿಂತುಬಿಟ್ಟರೆ ಅಥವಾ ತುಂಬ ನಿಧಾನವಾದರೆ, ವಯರ್, ಪೈಪ್ ಎಲ್ಲಾ ಸರಿ ಇದ್ದರೆ, ಸೆನ್ಸರ್ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಹಿಂದಿನ ಸೆನ್ಸರಿನ ಅಂಕಿ ಮಾತ್ರ ಹೆಚ್ಚು ಆಡದೆ ನಿಂತಿರುವುದೇ ಸರಿ. ಅದೂ ಮುಂದಿನದರ ಹಾಗೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಬಗ್ಗೆ ಸಂಶಯ ಪಡಬೇಕು. ಕೆಲವು ಹೊಸ ಕಾರುಗಳ ಮುಂದಿನ ಸೆನ್ಸರ್ ಬೇರೆ ಜಾತಿಯದು, ಅದರ ಅಂಕಿಗಳೂ ಬೇರೆ. ಅದಕ್ಕೆ ಕಂಪನಿಯ ಪುಸ್ತಕದಲ್ಲಿರುವ ಅಂಕಿಯನ್ನೇ ನೋಡಬೇಕು.

ನಾಲ್ಕನೆಯದು, ಹೀಟರ್. ಕಪ್ಲರ್ ಬಿಚ್ಚಿ ಸೆನ್ಸರ್ ತಣ್ಣಗಿರುವಾಗ ಹೀಟರಿನ ಎರಡು ವಯರಿಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ಹೀಟರ್ ಸುಟ್ಟಿದೆ. ಆಗ ಸೆನ್ಸರ್ ಬದಲಿಸಲೇಬೇಕು.

ಸೆನ್ಸರ್ ಬದಲಿಸುವುದೇ ಆದರೆ

ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ ಒಂದು ಲಕ್ಷ ಕಿ.ಮೀ. ಆಸುಪಾಸು ಬಾಳುತ್ತದೆ. ಅಷ್ಟು ಓಡಿದ ಗಾಡಿಯಾದರೆ ಬದಲಿಸುವ ಮಾತಿಗೆ ಅರ್ಥ ಉಂಟು. ಆಗ ಈ ವಿಷಯಗಳನ್ನು ನೋಡಿಕೊಳ್ಳಿ:

1. ಗಾಡಿ ವಾರಂಟಿಯಲ್ಲಿದ್ದರೆ ಮೊದಲು ಕಂಪನಿ ಸರ್ವಿಸಿಗೆ ಹೋಗಿ. ಹೊರಗೆ ವಯರ್ ಕತ್ತರಿಸಿದರೆ ವಾರಂಟಿ ಸಿಗದೇ ಹೋಗಬಹುದು.

2. ನಿಮ್ಮ ಗಾಡಿಯ ಪಾರ್ಟ್ ನಂಬರಿಗೆ ಸರಿಯಾದ ಸೆನ್ಸರ್ ಹಾಕಿಸಿ. ಮುಂದಿನದು, ಹಿಂದಿನದು ಬೇರೆ ಬೇರೆ ಇರಬಹುದು. ಬೀಗ ಹಾಕಿದ ಹಾಗೆ ಕೂರುವ ಕಪ್ಲರ್ ಇರುವುದೇ ಒಳ್ಳೆಯದು, ವಯರ್ ಕತ್ತರಿಸಿ ಟೇಪ್ ಸುತ್ತುವಂತಹದು ಬೇಡ.

3. ತುಕ್ಕು ಹಿಡಿದ ಸೆನ್ಸರನ್ನು ಬಲ ಹಾಕಿ ತೆಗೆದರೆ ಪೈಪಿನ ತ್ರೆಡ್ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ಹೆಚ್ಚಿನ ಕಾರಿನ ಸೆನ್ಸರಿಗೆ 22ರ ಸ್ಪಾನರ್ ಅಥವಾ ವಯರ್ ಹೋಗಲು ಸೀಳಿರುವ ಸಾಕೆಟ್ ಬೇಕು.

4. ಹೊಸ ಸೆನ್ಸರಿನ ತುದಿಗೆ ಎಣ್ಣೆ, ಗ್ರೀಸ್, ಗಮ್ ತಾಗಬಾರದು. ನೆಲಕ್ಕೆ ಬಿದ್ದರೆ ಒಳಗಿನ ಪಿಂಗಾಣಿ ಒಡೆಯುತ್ತದೆ.

5. ಹಳೆಯ ಸೆನ್ಸರನ್ನು ಕೇಳಿ ತೆಗೆದುಕೊಳ್ಳಿ. ಅದರ ತುದಿ ಒಣ ಕಪ್ಪು ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಎಣ್ಣೆ ಜಿಡ್ಡಾಗಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆ ಕಾರಣ ಸರಿಪಡಿಸದಿದ್ದರೆ ಹೊಸದೂ ಹಾಗೆಯೇ ಹಾಳಾಗುತ್ತದೆ.

6. ಕೋಡ್ ಅಳಿಸಿ, ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ಪುನಃ ಸ್ಕ್ಯಾನ್ ಮಾಡಿಸಿ. ಕೋಡ್ ಬಾರದಿದ್ದರೆ ಕೆಲಸ ಸರಿಯಾಗಿದೆ. ಬಿಲ್ ಪಡೆದುಕೊಳ್ಳಿ.

ಇವನ್ನು ಮಾಡಬೇಡಿ: ಲೈಟ್ ಕಾಣದ ಹಾಗೆ ಬಲ್ಬ್ ತೆಗೆಸುವುದು, ಸೆನ್ಸರ್ ಕಳಚಿ ಓಡಿಸುವುದು, ಕಂಪ್ಯೂಟರಿಗೆ ಸುಳ್ಳು ಸುದ್ದಿ ಕೊಡುವ ಸಣ್ಣ ಪಾರ್ಟ್ ಹಾಕಿಸುವುದು, ಸೆನ್ಸರನ್ನು ಪೆಟ್ರೋಲಿನಲ್ಲಿ ಅದ್ದಿ ಬ್ರಷ್‌ನಿಂದ ಉಜ್ಜುವುದು. ಖರ್ಚು ಕಡಿಮೆ ಎಂದು ಕಂಡರೂ ಕೊನೆಗೆ ಹೆಚ್ಚೇ ಆಗ್ತದೆ.

ಗ್ಯಾರೇಜಿನಲ್ಲಿ ಹೇಗೆ ಕೇಳುವುದು?

"ಹೆಂಗಸರಿಗೆ ಇದೆಲ್ಲ ಎಂತ ಗೊತ್ತಾಗ್ತದೆ" ಎಂದು ಯಾರಾದರೂ ಹೇಳಬಹುದು. ಜಗಳ ಬೇಡ, ಸಮಾಧಾನವಾಗಿ ಕೇಳಿ:

"ಅಣ್ಣ, ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂತು? ಸ್ವಲ್ಪ ಬರೆದು ಕೊಡಿ."
"ವಯರ್, ಕಪ್ಲರ್ ನೋಡಿದ್ರಾ? ಪೈಪಿನಲ್ಲಿ ತೂತು ಉಂಟಾ?"
"ಗಾಡಿ ಬಿಸಿಯಾದ ಮೇಲೆ ಸೆನ್ಸರ್ ಎಷ್ಟು ವೋಲ್ಟ್ ತೋರಿಸ್ತದೆ?"
"ಮುಂದಿನದಾ, ಹಿಂದಿನದಾ? ಹಳೇದನ್ನು ನಮಗೆ ಕೊಡಿ, ಬಿಲ್ ಕೂಡ ಬೇಕು."

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರ ಮಾಡುವುದಿಲ್ಲ. ತಪಾಸಣೆಗೂ ಅವರ ಸಮಯ ಹೋಗುತ್ತದೆ. ಆದ್ದರಿಂದ ಪಾರ್ಟ್ ಹಾಕದಿದ್ದರೂ ತಪಾಸಣೆಯ ಕೂಲಿ ಕೊಡಲು ಹಿಂಜರಿಯಬೇಡಿ.

ಸಂಘದಲ್ಲಿ ಏನು ಮಾಡಬಹುದು?

ಗಾಡಿ ರಿಪೇರಿಗೆಂದು ಸದಸ್ಯೆಯೊಬ್ಬರು ಆಂತರಿಕ ಸಾಲ ಕೇಳಿದಾಗ ಬೇಗ ಕೊಡುವುದು ಒಳ್ಳೆಯದೇ, ಯಾಕೆಂದರೆ ಗಾಡಿ ನಿಂತರೆ ಮರುಪಾವತಿಯೂ ನಿಲ್ಲುತ್ತದೆ. ಆದರೆ ಅರ್ಜಿಯೊಂದಿಗೆ ಕೋಡ್ ಬರೆದ ಚೀಟಿ ಮತ್ತು ಅಂದಾಜು ಖರ್ಚಿನ ಪಟ್ಟಿ ತರಲು ಹೇಳಿ. ಇದು ಸದಸ್ಯೆಯ ಮೇಲೆ ಸಂಶಯದಿಂದ ಅಲ್ಲ, ಆಕೆಯ ಹಣ ಉಳಿಯಲಿ ಎಂದು.

ಇನ್ನೊಂದು ಸಲಹೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಕೋಡ್ ರೀಡರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಊರಿನ ನಾಲ್ಕೈದು ಸಂಘಗಳು ಸೇರಿ ಒಂದನ್ನು ತೆಗೆದುಕೊಂಡರೆ ಕಾರು, ಓಮ್ನಿ, ಈಕೋ ಇರುವ ಮನೆಯವರಿಗೆಲ್ಲಾ ಉಪಯೋಗ. ಎಲ್ಲಾ ಗಾಡಿಗೂ ಅದು ಆಗುವುದಿಲ್ಲ, ಹಾಗಾಗಿ ತೆಗೆಯುವ ಮೊದಲು ನಿಮ್ಮಲ್ಲಿರುವ ಗಾಡಿಗಳಿಗೆ ಹೊಂದುತ್ತದೆಯೋ ವಿಚಾರಿಸಿ. ಮೊಬೈಲ್ ಚೆನ್ನಾಗಿ ತಿಳಿದ ಮಕ್ಕಳು ಹತ್ತು ನಿಮಿಷದಲ್ಲಿ ಕಲಿಸಿಕೊಡ್ತಾರೆ. ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಮಾತಾಡಿ. ಯಾರ ಗಾಡಿಯಲ್ಲಿ ಲೈಟ್ ಉರಿಯುತ್ತಾ ಇದೆ ಎಂದು ಕೇಳಿ ನೋಡಿ.

ನೆನಪಿಡಿ:
* ಲೈಟ್ ಉರಿದರೆ ತಿಂಗಳುಗಟ್ಟಲೆ ಬಿಡಬೇಡಿ, ಗಾಬರಿಯಿಂದ ಪಾರ್ಟ್ ಬದಲಿಸಲೂ ಬೇಡಿ.
* ಮೊದಲು ಕೋಡ್, ಆಮೇಲೆ ವಯರ್ ಮತ್ತು ಪೈಪ್, ಆಮೇಲೆ ವೋಲ್ಟ್, ಕೊನೆಗೆ ಸೆನ್ಸರ್.
* ಹಳೆ ಪಾರ್ಟ್ ಮತ್ತು ಬಿಲ್ ಕೇಳುವುದು ನಿಮ್ಮ ಹಕ್ಕು.
* ಮೈಲೇಜ್ ಲೆಕ್ಕವನ್ನು ಉಳಿತಾಯದ ಲೆಕ್ಕದಷ್ಟೇ ಸರಿಯಾಗಿ ಬರೆದಿಡಿ.